ಏಕಾದಶಿಯ ಶುಂಠಿ ವ್ಯಾಜ್ಯ

ದಾವಣಗೆರೆ ಎಂ.ಸಿ.ಸಿ. ‘ಬಿ’ ಬ್ಲಾಕಿನ ಒಂದು ಮನೆ, ಆಷಾಢ ಶುದ್ಧ ಏಕಾದಶಿಯ ಮಧ್ಯಾಹ್ನ. ಅತ್ತೆ ಹರಿಹರದಲ್ಲಿ ಹುಟ್ಟಿ ಬೆಳೆದವರು, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆಯೇ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ. ಅಳಿಯ ಎಂದರೆ ಅವರ ತಮ್ಮನ ಮಗ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಇಲ್ಲೇ ಮಹಡಿಯ ಮೇಲೆ ಕೂತು ಮಾಡುತ್ತಾನೆ. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ ಎಂಬ ಈಗಿನ ಪಥ್ಯ ಹಿಡಿದಿದ್ದಾನೆ. ಇವತ್ತು ಎರಡು ಉಪವಾಸಗಳೂ ಒಂದೇ ಅಡುಗೆಮನೆಯಲ್ಲಿ ಎದುರಾಗಿವೆ.

ಅಳಿಯ: ಅತ್ತೆ, ಬಿಸಿನೀರಿಗೆ ಎರಡು ಬಿಲ್ಲೆ ಹಸಿಶುಂಠಿ ಹಾಕ್ಕೊಂಡು ಕುಡಿದರೆ ಏಕಾದಶಿ ಕೆಡುತ್ತಾ?

ಅತ್ತೆ: ಯಾರ ಏಕಾದಶಿ? ನಿನ್ನದೋ, ನನ್ನದೋ?

ಅಳಿಯ: ಇಬ್ಬರದೂ ಅಂತಿಟ್ಕೊಳ್ಳಿ. ನಾನು ಹೇಗೂ ಮಧ್ಯಾಹ್ನದವರೆಗೆ ಏನೂ ತಿನ್ನೋನಲ್ಲ. ಇವತ್ತು ನಿಮ್ಮ ಜೊತೆ ಪೂರ್ತಿ ದಿನ ಹಿಡಿಯೋಣ ಅಂದ್ಕೊಂಡೆ. ನನ್ನ ಆ್ಯಪ್ ಪ್ರಕಾರ ಶುಂಠಿ ನೀರಿಗೆ ಅಡ್ಡಿಯಿಲ್ಲ. ನೂರು ಗ್ರಾಂ ಹಸಿಶುಂಠೀಲಿ ಸುಮಾರು 80 ಕ್ಯಾಲೊರಿ. ಎರಡು ಬಿಲ್ಲೆ ಅಂದರೆ ಐದು ಗ್ರಾಮೂ ಇರಲ್ಲ. ಅದೂ ಬಿಲ್ಲೆ ತಳದಲ್ಲೇ ಉಳಿಯುತ್ತೆ, ನೀರಿಗೆ ಇಳಿಯೋದು ಘಾಟು ಮಾತ್ರ.

ಅತ್ತೆ: ನಿನ್ನ ಆ್ಯಪ್‌ಗೆ ಕ್ಯಾಲೊರಿ ಲೆಕ್ಕ ಗೊತ್ತು, ತಿಥಿ ಗೊತ್ತಿಲ್ಲ. ನಮ್ಮಲ್ಲಿ ದಶಮಿ ಒಂದು ಹೊತ್ತು ಊಟ, ಏಕಾದಶಿ ನಿರಾಹಾರ, ದ್ವಾದಶಿ ಬೆಳಿಗ್ಗೆ ಪಾರಣೆ. ತೀರ್ಥ ಬಿಟ್ಟರೆ ನೀರೂ ಇಲ್ಲ ಅನ್ನೋದು ಕ್ರಮ. ಮಧ್ವಾಚಾರ್ಯರ ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಗೆ ಎಷ್ಟು ಜಾಗ ಕೊಟ್ಟಿದಾರೆ ಅಂತ ಮಠದಲ್ಲಿ ಯಾರನ್ನಾದರೂ ಕೇಳು. ನನಗೀಗ ವಯಸ್ಸಾಯ್ತು, ಡಾಕ್ಟರೂ ಬೈತಾರೆ, ಅದಕ್ಕೆ ನೀರು ಕುಡೀತೀನಿ. ಕುಡಿದು, ಕುಡಿದೆ ಅಂತ ಹೇಳ್ತೀನಿ. ಅದಕ್ಕೆ ಶುಂಠಿ ಹಾಕಿ ಕಷಾಯ ಮಾಡ್ಕೊಂಡು ‘ನೀರು’ ಅಂತ ಕರೆಯಲ್ಲ.

ಅಳಿಯ: ಶಾಸ್ತ್ರದಲ್ಲೇ ದಾರಿ ಇದೆ ಅತ್ತೆ. ಮಹಾಭಾರತದ ವಿದುರನೀತೀಲಿ ಒಂದು ಪಟ್ಟಿ ಬರುತ್ತೆ, ವ್ರತ ಕೆಡಿಸದ ಎಂಟು ಸಂಗತಿ. ನೀರು, ಬೇರು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಕೋರಿಕೆ, ಗುರುವಿನ ಮಾತು, ಔಷಧ. ಶುಂಠಿ ಬೇರೂ ಹೌದು, ಔಷಧವೂ ಹೌದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ಬರಬಹುದು.

ಅತ್ತೆ: ನೀನು ಚಾಪೆ ಕೆಳಗೆ ತೂರೋನಲ್ಲ, ರಂಗೋಲಿ ಕೆಳಗೇ ತೂರ್ತೀಯ. ಮೊದಲನೇದಾಗಿ ಶುಂಠಿ ಬೇರಲ್ಲ, ನೆಲದೊಳಗೆ ಅಡ್ಡ ಬೆಳೆಯೋ ಕಾಂಡ. ಕಣ್ಣು ಇರುತ್ತೆ, ಮೊಳಕೆ ಒಡೆಯುತ್ತೆ, ರೈತರು ತುಂಡು ಮಾಡಿ ಅದನ್ನೇ ಬಿತ್ತೋದು. ಎಂಟನೇ ಕ್ಲಾಸಿನ ಪಾಠ ಇದು. ಎರಡನೇದು, ಆ ಪಟ್ಟೀಲಿ ಹಾಲೂ ಇದೆ, ಹಣ್ಣೂ ಇದೆ. ಹಾಗಂತ ಬಾದಾಮಿ ಹಾಲು, ಬಾಳೆಹಣ್ಣಿನ ರಸಾಯನ ಹೊಡೆದು ಕೂತರೆ ಉಪವಾಸ ಅನ್ನಿಸಿಕೊಳ್ಳುತ್ತಾ? ತಪ್ಪಿ ನಡೆದರೆ ವ್ರತ ಮುರಿದುಹೋಯ್ತು ಅಂತ ಕೊರಗಬೇಡ ಅನ್ನೋಕೆ ಇರೋ ಪಟ್ಟಿ ಅದು. ಬೆಳಿಗ್ಗೆ ಎದ್ದು ಸಂತೆಗೆ ಒಯ್ಯೋ ಚೀಟಿ ಅಲ್ಲ.

ಅಳಿಯ: ಬೇರಲ್ಲ ಅಂತೀರಿ. ಹಾಗಾದರೆ ಇನ್ನು ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಬಿಡೋ ನಿಮ್ಮ ಶಾಕವ್ರತದಲ್ಲಿ ಶುಂಠಿ ತಿನ್ನಬಹುದು.

ಅತ್ತೆ: ಅಲ್ಲೂ ಸಿಕ್ಕಿಬೀಳ್ತೀಯ. ಶಾಕ ಅಂದರೆ ಹತ್ತು ಬಗೆ ಲೆಕ್ಕ ಹಾಕ್ತಾರೆ. ಬೇರು, ಎಲೆ, ಕುಡಿ, ಹಣ್ಣು, ಗೆಡ್ಡೆ, ತೊಗಟೆ, ಹೂವು, ಅಣಬೆ, ಹೀಗೆ. ಬೇರು ಅನ್ನು, ಗೆಡ್ಡೆ ಅನ್ನು, ಎರಡೂ ಅದರಲ್ಲಿವೆ. ಈ ತಿಂಗಳು ನಮ್ಮನೆಗೆ ಹಸಿಶುಂಠಿ ಬರಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವಿನಕಾಯಿ ಪುಡಿ, ಒಗ್ಗರಣೆಗೆ ಜೀರಿಗೆ. ಬುಟ್ಟೀಲಿ ಬಿದ್ದಿರೋ ತುಂಡನ್ನ ನಿನ್ನೆನೇ ಎದುರುಮನೆಯವರಿಗೆ ಕೊಡಬೇಕಿತ್ತು.

ಅಳಿಯ: ಒಂದೇ ಗೆಡ್ಡೆ. ವಿದುರ ಒಳಗೆ ಬಿಡ್ತಾನೆ, ಚಾತುರ್ಮಾಸ್ಯ ಹೊರಗೆ ಹಾಕುತ್ತೆ. ಇಸ್ಕಾನಿನವರ ಏಕಾದಶಿ ಅಡುಗೇಲಿ ಹಸಿಶುಂಠಿ, ಮೆಣಸು, ಹಸಿ ಅರಿಶಿನ, ಉಪ್ಪು ಎಲ್ಲಾ ನಡೆಯುತ್ತೆ, ಇಂಗು ಮಾತ್ರ ಕೂಡದು. ಇದೇನು ನ್ಯಾಯ?

ಅತ್ತೆ: ಅವರದು ಧಾನ್ಯ ಬಿಡೋ ಉಪವಾಸ. ಅಂಗಡಿ ಇಂಗಿಗೆ ಮೈದಾ ಬೆರೆಸಿರ್ತಾರೆ, ಅದಕ್ಕೇ ಇಂಗು ಆಚೆ. ಅವರ ಕಟ್ಟಿಗೆ ಅದು ಸರಿಯಾಗೇ ಇದೆ. ಜೈನರನ್ನ ನೋಡು. ಪೇಟೇಲಿ ನನ್ನ ಸ್ನೇಹಿತೆ ಒಬ್ಬಳಿದ್ದಳು, ಉಪವಾಸ ಇರಲಿ ಬಿಡಲಿ ಹಸಿಶುಂಠಿ ಮುಟ್ಟೋಳಲ್ಲ. ನೆಲದೊಳಗಿನ ಗೆಡ್ಡೇಲಿ ಅನಂತ ಜೀವ ಅಂತ. ಅದೇ ಒಣಶುಂಠಿ ಆದರೆ ಚಹಾಕ್ಕೆ ಹಾಕ್ತಿದ್ದಳು. ಒಣಗಿದ ಮೇಲೆ ಮೊಳಕೆ ಬರಲ್ಲ, ಅಲ್ಲಿಗೆ ತಕರಾರು ಮುಗೀತು. ನನಗೆ ಅದು ತುಂಬಾ ಹಿಡಿಸಿತ್ತು. ಯಾಕೆ ಬಿಡ್ತೀವಿ ಅನ್ನೋದು ಸ್ಪಷ್ಟ ಇದ್ದರೆ, ಯಾವುದು ನಡೆಯುತ್ತೆ ಅನ್ನೋದೂ ತಾನಾಗೇ ಸ್ಪಷ್ಟ ಆಗುತ್ತೆ.

ಅಳಿಯ: ಹಸಿಗೂ ಒಣದಕ್ಕೂ ಅಷ್ಟು ವ್ಯತ್ಯಾಸ ಇದೆಯಾ? ನೀರು ಆರಿರುತ್ತೆ, ಅಷ್ಟೇ ತಾನೆ?

ಅತ್ತೆ: ಅಷ್ಟೇ ಅಲ್ಲ. ನೀರು ಆರೋದು ನಿಜ. ನಾಲ್ಕೈದು ಕಿಲೋ ಹಸಿದು ಒಣಗಿದರೆ ಒಂದು ಕಿಲೋ ಸಿಕ್ಕೀತು. ಆದರೆ ಹಸಿಶುಂಠಿಯ ಘಾಟು ಜಿಂಜೆರಾಲ್‌ದು. ಒಣಗೋವಾಗ ಅದರಲ್ಲಿ ಒಂದು ಪಾಲು ಶೋಗಾಲ್ ಆಗುತ್ತೆ, ಅದು ಇನ್ನೂ ಖಾರ. ಆಯುರ್ವೇದದವರು ಇದನ್ನ ಲ್ಯಾಬಿಲ್ಲದೆ ನಾಲಿಗೆಯಲ್ಲೇ ಕಂಡುಕೊಂಡಿದ್ದರು. ಹಸಿದು ಗುರು, ರೂಕ್ಷ. ಒಣದು ಲಘು, ಸ್ನಿಗ್ಧ ಅಂತ ಎರಡನ್ನೂ ಬೇರೆ ಬೇರೆ ದ್ರವ್ಯ ಅಂತಲೇ ಬರೆದರು. ಒಣಶುಂಠಿಗೆ ವಿಶ್ವಭೇಷಜ ಅನ್ನೋ ಹೆಸರು. ಶುಂಠಿ ಇಲ್ಲದ ಕಷಾಯ ಇಲ್ಲ ಅಂತ ನಮ್ಮಮ್ಮನೂ ಹೇಳ್ತಿದ್ದಳು.

ಅಳಿಯ: ನೋಡಿದ್ರಾ? ಔಷಧಿ ಅಂತ ನೀವೇ ಒಪ್ಪಿದಿರಿ. ಔಷಧಕ್ಕೆ ವಿದುರನ ಪಟ್ಟೀಲಿ ಜಾಗ ಇದೆ.

ಅತ್ತೆ: ಔಷಧಿ ಅಂದಮೇಲೆ ರೋಗ ಬೇಕಲ್ಲಪ್ಪಾ. ನಿನಗೇನಾಗಿದೆ? ಇದನ್ನ ಕೇಳು, ಜಗಳದ ಜೀವ ಇರೋದು ಇಲ್ಲೇ. ಶುಂಠಿಯ ಗುಣ ಏನು? ದೀಪನ. ಹಸಿವು ಹೊತ್ತಿಸೋದು. ಊಟಕ್ಕೆ ಮುಂಚೆ ಒಂದು ಚೂರು ಹಸಿಶುಂಠಿ, ಒಂದು ಕಲ್ಲುಪ್ಪು ಅಗಿ ಅಂತ ವೈದ್ಯರು ಹೇಳಿದ್ದು ಅದಕ್ಕೇ. ಮುಂದೆ ಎಲೆ ಹಾಕಿರುತ್ತೆ, ಅನ್ನ ಬರುತ್ತೆ, ಆದ್ದರಿಂದ ಒಲೆ ಹೊತ್ತಿಸು ಅಂತ. ಇವತ್ತು ನೀನು ಒಲೆ ಹೊತ್ತಿಸಿ ಮೇಲೆ ಇಡೋದು ಏನನ್ನ? ಖಾಲಿ ಪಾತ್ರೆ. ಹೊಟ್ಟೆ ಉರಿಯುತ್ತೆ, ಹುಳಿತೇಗು ಬರುತ್ತೆ, ಸಂಜೆ ಹೊತ್ತಿಗೆ ನಿನ್ನ ಮುಖ ನೋಡೋ ಹಾಗಿರಲ್ಲ. ಗಟ್ಟಿ ಇರೋನು ಉಪವಾಸದ ದಿನ ಶುಂಠಿ ತಿನ್ನೋದು ಪಾಪವೋ ಅಲ್ಲವೋ, ದಡ್ಡತನ ಅಂತೂ ಹೌದು.

ಅಳಿಯ: ಹಾಗಿದ್ದರೆ ಜ್ವರದವರಿಗೆ ಲಂಘನ ಹಾಕಿ, ಮೇಲೆ ಶುಂಠಿ ನೀರು ಯಾಕೆ ಕೊಡ್ತಾರೆ?

ಅತ್ತೆ: ಈಗ ಸರಿಯಾದ ಪ್ರಶ್ನೆ ಕೇಳಿದೆ. ಚರಕಸಂಹಿತೆಯ ಜ್ವರಚಿಕಿತ್ಸೆ ನೋಡು. ಹೊಸ ಜ್ವರಕ್ಕೆ ಮೊದಲು ಲಂಘನ, ಬಾಯಾರಿದರೆ ಆರು ಸಾಮಾನು ಹಾಕಿ ಕಾಯಿಸಿದ ನೀರು. ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಗಂಧ, ಬಾಲದಬೇರು, ಒಣಶುಂಠಿ. ಷಡಂಗ ಪಾನೀಯ ಅಂತಾರೆ. ಜ್ವರದವನ ಹೊಟ್ಟೇಲಿ ಮೊದಲೇ ಅರಗದೆ ನಿಂತದ್ದು ಇದೆ, ಆಮ. ಆ ಒಲೆ ಮೇಲೆ ಪಾತ್ರೆ ಇದೆ, ಬೆಂಕಿ ಸಾಲದು. ಅವನಿಗೆ ಶುಂಠಿ ಬೇಕು. ಇನ್ನೊಂದು ನೋಡು, ಆರರಲ್ಲಿ ಶುಂಠಿ ಒಂದೇ ಬಿಸಿ, ಮಿಕ್ಕವು ತಂಪು. ಬರೀ ಶುಂಠಿ ಕುದಿಸಿ ಕೊಡಿ ಅಂತ ಅವರು ಬರೀಲಿಲ್ಲ.

(ಅತ್ತೆಯ ಈ ವಾದ ನನಗೆ ಇಡೀ ಚರ್ಚೆಯಲ್ಲಿ ಗಟ್ಟಿ ಎನ್ನಿಸಿತು. ‘ನಡೆಯುತ್ತದೆಯೇ’ ಎಂದು ಕೇಳುವವರು ‘ಬೇಕೇ’ ಎಂದು ಕೇಳುವುದನ್ನು ಮರೆತಿರುತ್ತಾರೆ. ಆದರೆ ಅಳಿಯನೂ ಬರಿಗೈಲಿ ಬಂದಿರಲಿಲ್ಲ.)

ಅಳಿಯ: ಒಲೆ, ಪಾತ್ರೆ ಎಲ್ಲಾ ಚೆನ್ನಾಗಿದೆ ಅತ್ತೆ. ಪರೀಕ್ಷೆ ಮಾಡಿ ನೋಡಿದವರು ಏನಂತಾರೆ ಅದನ್ನೂ ಕೇಳಿ. 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ದಪ್ಪ ಮೈಯ ಹತ್ತು ಜನ ಗಂಡಸರಿಗೆ ಎರಡು ಗ್ರಾಂ ಶುಂಠಿಪುಡಿ ಬಿಸಿನೀರಲ್ಲಿ ಕಲಸಿ ಕೊಟ್ಟರು. ಕುಡಿದವರು ಹಸಿವು ಕಡಿಮೆ ಅನ್ನಿಸ್ತು ಅಂದರು. ನಿಮ್ಮ ದೀಪನ ಎಲ್ಲಿ ಹೋಯ್ತು?

ಅತ್ತೆ: ಖಾಲಿ ಹೊಟ್ಟೇಲಿ ಕೊಟ್ಟಿದ್ದಾ?

ಅಳಿಯ: ...ತಿಂಡಿ ಜೊತೆ.

ಅತ್ತೆ: ಆಯ್ತಲ್ಲ. ತಿಂಡಿ ತಿಂದ ಹತ್ತು ಜನ. ಲ್ಯಾಬಿನಲ್ಲಿ ನಾವು ಹತ್ತು ಸ್ಯಾಂಪಲ್ ಇಟ್ಕೊಂಡು ಊರಿಗೆಲ್ಲ ರಿಪೋರ್ಟ್ ಬರೀತಿರಲಿಲ್ಲ.

ಅಳಿಯ: ಖಾಲಿ ಹೊಟ್ಟೇದೂ ಇದೆ. 2008ರಲ್ಲಿ ತೈವಾನಿನವರು ಮಾಡಿದ್ದು. ಆರೋಗ್ಯವಾಗಿರೋ 24 ಜನ, ಎಂಟು ಗಂಟೆ ಉಪವಾಸ, ಆಮೇಲೆ 1.2 ಗ್ರಾಂ ಒಣಶುಂಠಿಯ ಕ್ಯಾಪ್ಸೂಲ್. ಒಂದು ಗಂಟೆ ಬಿಟ್ಟು ಸೂಪ್ ಕುಡಿಸಿ ಅಳೆದರು. ಕುಡಿದದ್ದರಲ್ಲಿ ಅರ್ಧ ಹೊಟ್ಟೆಯಿಂದ ಕೆಳಗೆ ಇಳಿಯೋಕೆ ಶುಂಠಿ ಇಲ್ಲದಾಗ ಸುಮಾರು 27 ನಿಮಿಷ ಹಿಡಿದರೆ, ಶುಂಠಿ ತಿಂದಾಗ ಸುಮಾರು 13 ನಿಮಿಷ.

ಅತ್ತೆ: ಭೇಷ್. ಹೊಟ್ಟೆ ಬೇಗ ಖಾಲಿ ಆಗುತ್ತೆ ಅಂತಾಯ್ತು. ಅದನ್ನೇ ನಾನು ದೀಪನ ಅಂದದ್ದು. ಈಗ ನೀನು ನನ್ನ ಕಡೆ ಸಾಕ್ಷಿ ಹೇಳ್ತಿದೀಯ.

ಅಳಿಯ: ಸರಿ, ಒಂದು ನಿಮಗೆ. ಆದರೆ ಅಜ್ಜಿ? ಹರಿಹರದ ಮನೇಲಿ ಅಜ್ಜಿ ಸೆರಗಿನ ತುದೀಲಿ ಒಣಶುಂಠಿ ಚೂರು ಕಟ್ಟಿಕೊಂಡೇ ಏಕಾದಶಿ ಮಾಡ್ತಿದ್ದರು ಅಂತ ಅಪ್ಪ ಹೇಳ್ತಾರೆ. ಅವರನ್ನೂ ದಡ್ಡರು ಅಂತೀರಾ?

ಅತ್ತೆ: ಅಮ್ಮನಿಗೆ ಪಿತ್ತ. ಮಧ್ಯಾಹ್ನ ಆದರೆ ಹೊಟ್ಟೆ ತೊಳಸಿ ವಾಂತಿ ಬರ್ತಿತ್ತು. ಶುಂಠಿ ವಾಕರಿಕೆ ತಡೆಯುತ್ತೆ, ಅದು ನಿನ್ನ ಇಂಗ್ಲಿಷ್ ಪುಸ್ತಕದವರೂ ಒಪ್ಪಿರೋ ಮಾತು. ಬಸುರಿಯರಿಗೂ ಕೊಡ್ತಾರೆ. ಅಮ್ಮ ಒಂದು ಚೂರು ದವಡೇಲಿ ಇಟ್ಕೊಳ್ಳೋಳು. ಯಾರನ್ನೂ ಕೇಳಿ ತಿನ್ನಲಿಲ್ಲ, ತಿಂದು ನಿನ್ನ ಥರ ವಾದವನ್ನೂ ಮಾಡಲಿಲ್ಲ.

ಅಳಿಯ: ಅಂದರೆ ನಡೆಯುತ್ತೆ.

ಅತ್ತೆ: ಅವಳಿಗೆ ನಡೀತು.

ಅಳಿಯ: ನಿಮ್ಮೂರಲ್ಲಿ ಇದು ಇನ್ನೂ ಗೋಜಲಾಗಿರಬೇಕು. ಹರಿಹರೇಶ್ವರ ಬಲಕ್ಕೆ ಹರ, ಎಡಕ್ಕೆ ಹರಿ. ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ ಅಂತ ಗಾದೆ ಹೇಳ್ತಾರಲ್ಲ, ಅಲ್ಲಿ ಇಬ್ಬರಿಗೂ ಒಂದೇ ಮನೆ.

ಅತ್ತೆ: ಗೋಜಲೇನಿಲ್ಲ. ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೋಲಾಳ್ವ 1224ರ ಸುಮಾರಿಗೆ ಆ ಗುಡಿ ಕಟ್ಟಿಸಿದ. ಅಲ್ಲಿಂದ ಇಲ್ಲೀವರೆಗೆ ಯಾರ ಉಪವಾಸ ಅವರು ಮಾಡ್ಕೊಂಡೇ ಬಂದಿದಾರೆ. ನಮ್ಮ ಪಕ್ಕದ ಮನೆ ಲಿಂಗಾಯತರು. ಶಿವರಾತ್ರಿ ಹಗಲೆಲ್ಲಾ ಉಪವಾಸ, ಸಂಜೆ ಪೂಜೆ ಆದಮೇಲೆ ಫಳಾರ. ಖರ್ಜೂರ, ಕಲ್ಲಂಗಡಿ, ಕರ್ಬೂಜ. ಶ್ರಾವಣ ಸೋಮವಾರ ಒಪ್ಪತ್ತು, ಕೆಲವರು ಸಾಬೂದಾನಿ ಉಪ್ಪಿಟ್ಟಿಗೆ ಹಸಿಶುಂಠಿ ತುರಿದು ಹಾಕೋರು. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ರಾಮನವಮಿ ದಿನ ನಾವೇ ಪಾನಕಕ್ಕೆ ಬೆಲ್ಲ, ಏಲಕ್ಕಿ, ಮೆಣಸು, ಒಣಶುಂಠಿ ಹಾಕಿ ನೈವೇದ್ಯ ಮಾಡ್ತೀವಿ. ರಾಮನವಮಿಗೆ ಸಲ್ಲೋದು ಏಕಾದಶಿಗೆ ಸಲ್ಲಲ್ಲ, ಅಷ್ಟೇ.

ಅಳಿಯ: ಶರಣರು ಇದನ್ನೆಲ್ಲಾ ನೋಡಿ ನಕ್ಕಿರಬೇಕು.

ಅತ್ತೆ: ಎಲ್ಲರೂ ನಗಲಿಲ್ಲ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಅಂತ ಅಂಕಿತ ಇಟ್ಕೊಂಡು ಬರೆದ ಅಕ್ಕಮ್ಮನ ವಚನಗಳಲ್ಲಿ ವ್ರತದ್ದೇ ಮಾತು. ವ್ರತ ಹಿಡಿದ ಮೇಲೆ ಅದಕ್ಕೆ ನೆಪ ಹುಡುಕೋರನ್ನ ಕಂಡರೆ ಆಕೆಗೆ ಆಗ್ತಿರಲಿಲ್ಲ.

ಅಳಿಯ: ನೆಪ ಅಂದರೆ ನಾನು.

ಅತ್ತೆ: ಒಬ್ಬನೇ ಅಲ್ಲ ಬಿಡು. ಲ್ಯಾಬಿನಲ್ಲಿ ದಿನಾ ನೋಡ್ತಿದ್ದೆ. ಇಲ್ಲೇ ಬಾಪೂಜಿ ಡೆಂಟಲ್ ಕಾಲೇಜು, ಮೆಡಿಕಲ್ ಕಾಲೇಜು ಅಂತ ಆಸ್ಪತ್ರೆಗಳ ಸಾಲೇ ಇದೆಯಲ್ಲ, ಬೆಳಿಗ್ಗೆ ಆರೂವರೆಗೆಲ್ಲ ಚನ್ನಗಿರಿ, ಜಗಳೂರು, ಹರಪನಹಳ್ಳಿ ಬಸ್ಸು ಹಿಡಿದು ಜನ ಬಂದಿರೋರು. ಫಾಸ್ಟಿಂಗ್ ಶುಗರಿಗೆ ಎಂಟು ಗಂಟೆ, ಕೊಬ್ಬಿನ ಪರೀಕ್ಷೆಗೆ ಒಂಬತ್ತರಿಂದ ಹನ್ನೆರಡು ಗಂಟೆ ಬರೀ ನೀರು ಅಂತ ಹಿಂದಿನ ದಿನವೇ ಹೇಳಿರ್ತಿದ್ವಿ. ‘ಏನಾದರೂ ತಗೊಂಡಿದೀರಾ?’ ಅಂದರೆ ‘ಏನಿಲ್ಲ ಬಾಯಾರ, ಒಂದೀಟು ಶುಂಠಿ ಕಷಾಯ.’ ‘ಬೆಲ್ಲ ಹಾಕಿದ್ರಾ?’ ‘ಬೆಲ್ಲ ಇಲ್ದೆ ಕಷಾಯ ಹೆಂಗ್ ಕುಡೀತಾರ?’ ಆ ರಿಪೋರ್ಟು ನೋಡಿ ಡಾಕ್ಟರು ಮಾತ್ರೆ ಹೆಚ್ಚಿಸಿದರೆ ಅನುಭವಿಸೋರು ಯಾರು? ಆಪರೇಷನ್ ಮುಂಚೆ ಇನ್ನೂ ಕಷ್ಟ. ತಿಳಿನೀರು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು, ಗಟ್ಟಿ ಪದಾರ್ಥ, ಹಾಲು ಆದರೆ ಆರು ಗಂಟೆ ಬಿಡಬೇಕು. ಹಾಲು ಹಾಕಿದ ಶುಂಠಿ ಟೀ ಕುಡಿದು, ಟೀ ತಾನೆ ಅಂತ ಬಚ್ಚಿಟ್ಟರೆ, ಅರಿವಳಿಕೆ ಕೊಟ್ಟಾಗ ಹೊಟ್ಟೇಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ದೇವರು ಕ್ಷಮಿಸಿಯಾನು. ಶ್ವಾಸಕೋಶ ಕ್ಷಮಿಸಲ್ಲ.

ಅಳಿಯ: ಅಲ್ಲಿ ನಾನು ವಾದ ಮಾಡಲ್ಲ.

ಅತ್ತೆ: ಯಾಕೆ ಮಾಡಲ್ಲ? ಅಲ್ಲಿ ಯಾರಿಗೋ ಮಾತು ಕೊಟ್ಟಿದೀಯ ಅಂತ ಗೊತ್ತು. ಇಲ್ಲಿ ಕೊಟ್ಟಿಲ್ಲ ಅಂದ್ಕೊಂಡಿದೀಯ. ಅದೇ ಲ್ಯಾಬಿನಲ್ಲಿ ಆಜಾದ್ ನಗರದಿಂದ ಬರ್ತಿದ್ದ ಹುಡುಗಿ ಇದ್ದಳು. ರಂಜಾನ್ ತಿಂಗಳಲ್ಲಿ ಸೂಜಿ ಚುಚ್ತಾ ಚುಚ್ತಾ ಬಾಯಿ ಒಣಗಿಸ್ಕೊಂಡಿರೋಳು. ಒಂದು ಸಲ ಕೆಮ್ಮು, ಗಂಟಲು ಕೆರೆತ. ನಾನು ಶುಂಠಿ ಚೂರು ಕೊಡೋಕೆ ಹೋದೆ. ‘ಬೇಡ ಮೇಡಂ, ಇದು ಒಳಗೆ ಹೋದರೆ ರೋಜಾ ಹೋಯ್ತು’ ಅಂದಳು. ಹಗಲು ನೀರೂ ಇಲ್ಲ, ಮದ್ದೂ ಇಲ್ಲ. ಸಂಜೆ ರೋಜಾ ಬಿಟ್ಟ ಮೇಲೆ ಅವರ ಗಂಜೀಲಿ ಶುಂಠಿ, ಬೆಳ್ಳುಳ್ಳಿ ಎಲ್ಲಾ ಇರುತ್ತೆ. ಎರಡು ದಿನ ಆದಮೇಲೆ ಜ್ವರ ಹೆಚ್ಚಾಯ್ತು. ಅವಳು ಏನು ಮಾಡಿದಳು ಗೊತ್ತಾ? ರೋಜಾನೇ ಬಿಟ್ಟಳು. ಎಲ್ಲರೆದುರೂ ಮಾತ್ರೆ ನುಂಗಿ, ನೀರು ಕುಡಿದಳು. ಕಾಯಿಲೆಯವರು ಬಿಟ್ಟು, ಆಮೇಲೆ ಬೇರೆ ದಿನ ಹಿಡಿದು ತೀರಿಸಬಹುದು ಅಂತ ಅವರಲ್ಲಿ ಹೇಳಿದೆ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಬಗ್ಗಿಸಲ್ಲ, ಬಿಡ್ತಾರೆ. ನನಗೂ ಅದೇ ಸರಿ ಅನ್ನಿಸುತ್ತೆ.

ಅಳಿಯ: ನನಗನ್ನಿಸಲ್ಲ. ಅದು ಒಂದು ತಿಂಗಳ ವ್ರತ, ನಿಮ್ಮದು ಹದಿನೈದು ದಿನಕ್ಕೊಮ್ಮೆ, ಬದುಕಿರೋವರೆಗೂ. ಸ್ವಲ್ಪ ಬಗ್ಗದೆ ಇದ್ದರೆ ಅಷ್ಟು ಉದ್ದ ಬಾಳಿಕೆ ಬರಲ್ಲ. ಗಾಂಧೀಜಿ 1943ರ ಫೆಬ್ರವರೀಲಿ ಆಗಾಖಾನ್ ಅರಮನೇಲಿ 21 ದಿನ ಉಪವಾಸ ಕೂತಾಗ, ನೀರು ಗಂಟಲಲ್ಲಿ ಇಳಿಯೋಕೆ ನಿಂಬೆ ಜಾತಿಯ ಹಣ್ಣಿನ ರಸ ಸೇರಿಸ್ಕೊಳ್ತೀನಿ ಅಂತ ಮೊದಲೇ ಬರೆದಿದ್ದರು. ಅದನ್ನ ಉಪವಾಸ ಅಲ್ಲ ಅಂತೀರಾ?

ಅತ್ತೆ: ಮೊದಲೇ ಬರೆದಿದ್ದರು ಅಂದೆಯಲ್ಲ, ಅಲ್ಲೇ ಉತ್ತರ ಇದೆ. ಎಷ್ಟು, ಯಾಕೆ ಅಂತ ಹೇಳಿ ಕೂತರು. ನೀನು ಮಧ್ಯಾಹ್ನ ಎರಡು ಗಂಟೆಗೆ ಹಸಿವಾದ ಮೇಲೆ ವಿದುರನನ್ನ ಹುಡುಕ್ತಿದೀಯ.

ಅಳಿಯ: ಹಸಿವಲ್ಲ ಅತ್ತೆ. ಬೆಳಿಗ್ಗೆಯಿಂದ ಗಂಟಲು ಕೆರೀತಿದೆ. ಮಳೇಲಿ ಕುಂದವಾಡ ಕೆರೆಗೆ ವಾಕಿಂಗ್ ಹೋಗಿದ್ದೆ.

ಅತ್ತೆ: ಮೊದಲೇ ಹೇಳೋಕೇನು ದಾಡಿ? ಇಲ್ಲಿ ಬಾ, ಹಣೆ ಮುಟ್ಟಿ ನೋಡ್ತೀನಿ. ಜ್ವರ ಇಲ್ಲ. ತಲೆ ಸುತ್ತು? ಕೈ ನಡುಕ?

ಅಳಿಯ: ಏನಿಲ್ಲ. ನನಗೇನು ಶುಗರ್ ಇದೆಯಾ?

ಅತ್ತೆ: ನಿನಗಿಲ್ಲ, ನಿಮ್ಮಪ್ಪನಿಗಿದೆ. ಅವನಿಗೂ ನಿನ್ನ ಶುಂಠಿ ನೀರಿನ ಉಪದೇಶ ಮಾಡ್ತಿರ್ತೀಯ, ಅದಕ್ಕೆ ಹೇಳ್ತೀನಿ ಕೇಳು. ಅವನು ತಗೊಳ್ಳೋ ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತೆ. ಬೆವರು, ನಡುಕ, ಕಣ್ಣು ಮಂಜು ಬಂದಾಗ ‘ಉಪವಾಸದ ಸುಸ್ತು, ಶುಂಠಿ ಅಗಿ’ ಅಂತ ಯಾರಾದರೂ ಹೇಳಿದರೆ ಅವರ ಬಾಯಿಗೇ ಶುಂಠಿ ತುರುಕು. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಏಕಾದಶಿ ಆಮೇಲೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರೂ ಡಾಕ್ಟರನ್ನ ಕೇಳದೆ ದಿನಾ ಶುಂಠಿ ಕಷಾಯ ಅಂತ ಹಿಡೀಬಾರದು.

ಅಳಿಯ: ಅಪ್ಪನಿಗೆ ಹೇಳ್ತೀನಿ. ಈಗ ನನ್ನ ಗಂಟಲಿಗೆ?

ಅತ್ತೆ: ಒಣಶುಂಠಿ ಡಬ್ಬ ಮೇಲಿನ ಗೂಡಲ್ಲಿದೆ. ಒಂದು ಚೂರು ಜಜ್ಜಿ, ಕಾಯಿಸಿ ಕುಡಿ. ಬೆಲ್ಲ ಹಾಕ್ಕೋ, ಜೊತೆಗೆ ಒಂದು ಲೋಟ ಗಂಜಿ ಕಾಯಿಸಿಕೊಡ್ತೀನಿ. ಏಕಾದಶಿ ಇವತ್ತು ನಿನ್ನದಲ್ಲ ಅಂತ ಬಿಟ್ಟುಬಿಡು, ಮುಂದಿನದು ಹಿಡಿ.

ಅಳಿಯ: ಗಂಜಿ ಬೇಡ. ಬರೀ ಕಷಾಯ, ಬೆಲ್ಲ ಇಲ್ಲದೆ. ಉಪವಾಸವೂ ಇರಲಿ, ಔಷಧವೂ ಆಗಲಿ. ಅಜ್ಜಿಗೆ ನಡೆದದ್ದು ನನಗೂ ನಡೆಯಲಿ.

ಅತ್ತೆ: ಅಜ್ಜಿ ಹೆಸರು ಹೇಳಿ ಗೆಲ್ಲೋಕೆ ನೋಡ್ತೀಯ. ಕುಡಿ, ನಿನ್ನಿಷ್ಟ. ಹೊಟ್ಟೆ ಉರಿ ಅಂತ ರಾತ್ರಿ ನನ್ನ ಎಬ್ಬಿಸಬೇಡ. ಬೆಳಿಗ್ಗೆ ಬೇಗ ಏಳಬೇಕು, ಏಳು ಗಂಟೆಗೆ ಪಾರಣೆ.

ಅಳಿಯ: ಏಳಕ್ಕಾ? ನನ್ನ ಆ್ಯಪ್‌ನಲ್ಲಿ ಊಟದ ಹೊತ್ತು ಶುರುವಾಗೋದೇ ಹನ್ನೆರಡಕ್ಕೆ.

ಅತ್ತೆ: ದ್ವಾದಶಿ ನಿನ್ನ ಆ್ಯಪ್ ಕೇಳಿ ಇರಲ್ಲ ಕಣೋ. ಎಲೆ ಹಾಕಿರ್ತೀನಿ. ಅನ್ನ, ಹೆಸರುಬೇಳೆ ತೊವ್ವೆ.

ಅಳಿಯ: ತೊವ್ವೆಗೆ ಹಸಿಶುಂಠಿ?

ಅತ್ತೆ: ಶಾಕವ್ರತ ಅಂದೆನಲ್ಲ. ಮೆಣಸು, ಜೀರಿಗೆ.